ವೈದ್ಯಶಾಲೆಯು ಎಷ್ಟು ದೂರ?

ಈ ಸ್ಮರಣ ಸಂಚಿಕೆಯನ್ನು ಓದುವ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ಕೆಲವರು ಮೊಮ್ಮಕ್ಕಳನ್ನೂ ಕಂಡಿದ್ದಾರೆ. ದಾದಿಯರ ಕೆಲಸವನ್ನು ಕೈಕೊಂಡವರ ಸಂಖ್ಯೆಯಂತೂ ವರುಷದಿಂದ ವರುಷಕ್ಕೆ ಹೆಚ್ಚುತ್ತಲೇ ಇದೆ. ಹೀಗಿರಲಾಗಿ, ದೂರದ ಬೆಟ್ಟಕಾಡುಗಳಲ್ಲಿ ವಾಸಿಸುವ ಜನರಿಗೆ ವೈದ್ಯಸಹಾಯವು ಯಾಕೆ ಸಕಾಲದಲ್ಲಿ ದೊರೆಯದೆ ಹೋಗುತ್ತದೆಂಬ ಸಂಗತಿಯನ್ನು ಈ ಸಲದ ಪಾಠವಾಗಿ ತೆಗೆದುಕೊಂಡರೆ ಅಪ್ರಸ್ತುತವಾಗದೆಂದು ನಂಬಿದ್ದೇವೆ. ಇದರಲ್ಲಿ ಸ್ವಲ್ಪ ಭೂಗೋಳ, ಸ್ವಲ್ಪ ಲೆಕ್ಕ, ಸ್ವಲ್ಪ ಶರೀರಶಾಸ್ತ್ರ ಇವೆ. ಓದುವವರು ಬೇಸರಿಸದೆ ನಮ್ಮ ಸಂಗಡ ಬರಬೇಕು.

ಒಂಬತ್ತನೆಯ ತರಗತಿಯ ಬಾಲಿಕೆಯರಿಗೆ ನಾವು ಒಂದು ಲೆಕ್ಕವನ್ನು ಕೊಟ್ಟೆವು. ಸಾಯಂಕಾಲ ಆರು ಗಂಟೆಗೆ ನಿಮ್ಮ ಮನೆಯಲ್ಲಿ ಒಬ್ಬರಿಗೆ ಕಾಯಿಲೆಯು ಬಿಗಡಾಯಿಸಿದರೆ, ಅವರನ್ನು ವೈದ್ಯರ ಮುಂದೆ ಮಲಗಿಸುವ ತನಕ ಎಷ್ಟು ಹೊತ್ತು ಹಿಡಿಯುವದು? ಮೈಲಿಗಳನ್ನು ಬರೆಯಬೇಡಿರಿ, ನಿಮಿಷಗಳನ್ನು ಬರೆಯಿರಿ ಎಂದು ಹೇಳಿದೆವು. ಬೈಯಪ್ಪನಹಳ್ಳಿಯವರಲ್ಲಿ ಹೆಚ್ಚಿನವರು ಇಂದಿರಾನಗರದ ಸರ್ ಸಿ. ವಿ. ರಾಮನ್ ಆಸ್ಪತ್ರೆಯನ್ನು ಹೆಸರಿಸಿ ಇಪ್ಪತ್ತು ನಿಮಿಷವೆಂದು ಬರೆದರು. ಹಲಸೂರಿನವರೂ ಶಿವಾಜಿನಗರದವರೂ 1868ರಿಂದ ನಡೆದುಬಂದಿರುವ ಬೌರಿಂಗ್ ಆಸ್ಪತ್ರೆಯನ್ನು ಹೆಸರಿಸಿದರು. ಕೃಷ್ಣರಾಜಪುರದ ಒಬ್ಬಳು ಮಾತ್ರ ಸೇತುವೆಯ ಬಳಿ ಗಾಡಿಗಳು ಒತ್ತರಿಸಿ ನಿಲ್ಲುವದನ್ನೂ, ಅಪ್ಪನು ಕೆಲಸದಿಂದ ಬರುವ ತನಕ ಅಮ್ಮನು ಕಾಯುವದನ್ನೂ ಲೆಕ್ಕಕ್ಕೆ ಹಿಡಿದು ಎರಡು ಗಂಟೆಯೆಂದು ಬರೆದಳು. ಅವಳ ಉತ್ತರವೇ ಎಲ್ಲಕ್ಕಿಂತ ಉತ್ತಮವಾಗಿತ್ತೆಂದು ನಮ್ಮ ಅಭಿಪ್ರಾಯ. ದೂರವೆಂಬದು ನೆಲದ ಮೇಲೆ ಮಾತ್ರ ಇರುವದಿಲ್ಲವೆಂದು ಅವಳು ತಾನಾಗಿಯೇ ಕಂಡುಕೊಂಡಿದ್ದಳು.

ಈಗ ಅದೇ ಲೆಕ್ಕವನ್ನು ಬಿಳಿಗಿರಿರಂಗನ ಬೆಟ್ಟದಲ್ಲಿ ಮಾಡಿ ನೋಡೋಣ. ಈ ಬೆಟ್ಟಸಾಲು ಚಾಮರಾಜನಗರ ಜಿಲ್ಲೆಯಲ್ಲಿದೆ. ಯಳಂದೂರಿನಿಂದ ಸುಮಾರು 24 ಕಿಲೋಮೀಟರು ಹತ್ತಿಹೋದರೆ ರಂಗನಾಥನ ದೇವಾಲಯವಿರುವ ಊರು ಸಿಕ್ಕುತ್ತದೆ. ಇಲ್ಲಿಯೂ, ಪೂರ್ವಕ್ಕಿರುವ ಮಲೆ ಮಹದೇಶ್ವರ ಬೆಟ್ಟದಲ್ಲಿಯೂ ಸೋಲಿಗರು ತಲತಲಾಂತರದಿಂದ ವಾಸಿಸುತ್ತಾ ಬಂದಿದ್ದಾರೆ. ನಮ್ಮ ರಾಜ್ಯದಲ್ಲಿ ಅವರ ಸಂಖ್ಯೆಯು 30,000ಕ್ಕೆ ಮೇಲ್ಪಟ್ಟದ್ದು. ಅವರ ಊರಿಗೆ ಪೋಡು ಎಂದು ಹೆಸರು. ಜೇನು, ನೆಲ್ಲಿಕಾಯಿ, ಬೇರುನಾರುಗಳನ್ನು ಕೂಡಿಸುವದೂ, ಕಾಡನ್ನು ಸವರಿ ರಾಗಿಯನ್ನು ಬಿತ್ತಿ ಕೆಲವು ವರುಷಗಳ ಮೇಲೆ ಆ ನೆಲವನ್ನು ಬಿಟ್ಟು ಮುಂದೆ ಹೋಗುವದೂ ಅವರ ಹಿಂದಿನ ಜೀವನಕ್ರಮವಾಗಿತ್ತು. 1974ರಲ್ಲಿ ಕಾಡು ವನ್ಯಜೀವಿಧಾಮವಾದ ಮೇಲೆ ಆ ಬೇಸಾಯವು ನಿಂತಿತು. 2006ರಲ್ಲಿ ಕಾಡಿನ ಉತ್ಪನ್ನಗಳನ್ನು ಕೂಡಿಸುವದಕ್ಕೂ ನಿಷೇಧ ಬಂದಿತು. 2011ರ ಆರಂಭದಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರುಷ ಅಕ್ಟೋಬರ್ ತಿಂಗಳಿನಲ್ಲಿ ಅನೇಕ ಪೋಡುಗಳ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. (ಅದೇ ತಿಂಗಳಿನಲ್ಲಿಯೇ ನಮ್ಮ ಬೈಯಪ್ಪನಹಳ್ಳಿಯಿಂದ ಮಹಾತ್ಮಾ ಗಾಂಧಿ ರಸ್ತೆಗೆ ಮೊದಲನೆಯ ಮೆಟ್ರೋ ರೈಲು ಓಡಿತೆಂಬದು ಹಳಬರಿಗೆ ನೆನಪಿರಬಹುದು.) ಗೆಡ್ಡೆಗೆಣಸು, ಸೊಪ್ಪು, ಜೇನು ಇವುಗಳಿಂದ ತುಂಬುತ್ತಿದ್ದ ಹೊಟ್ಟೆಗೆ ಕೂಲಿಯ ಅಕ್ಕಿಯೊಂದೇ ಗತಿಯಾದರೆ ರಕ್ತವು ಕ್ಷೀಣಿಸುವದೆಂದು ಹೇಳಲು ವೈದ್ಯರು ಬೇಕಿಲ್ಲ.

ಪೋಡಿನ ಒಬ್ಬ ಬಸುರಿಗೆ ಹೆರಿಗೆಯ ನೋವು ಕಾಣಿಸಿತೆನ್ನಿರಿ. ನೆತ್ತರು ನಿಲ್ಲದು. ಹೆರಿಗೆಯಾದ ಮೇಲೆ ರಕ್ತಸ್ರಾವವು ಮೇರೆಮೀರಿದರೆ ತಾಯಿಗೆ ಉಳಿದಿರುವ ಸಮಯವನ್ನು ಗಂಟೆಗಳಲ್ಲಿ ಎಣಿಸಬೇಕು, ದಿನಗಳಲ್ಲಿ ಅಲ್ಲ. ಸೆರೀನ್ ತಡ್ಡಿಯಸ್, ಡೆಬೋರಾ ಮೇನ್ ಎಂಬ ಇಬ್ಬರು ಮಹಿಳೆಯರು 1994ರಲ್ಲಿ ಪ್ರಕಟಿಸಿದ ಒಂದು ಪ್ರಬಂಧದಲ್ಲಿ, ಇಂಥ ತಾಯಂದಿರ ಮರಣಕ್ಕೆ ಕಾರಣವಾಗುವ ವಿಳಂಬಗಳು ಮೂರು ಎಂದು ವಿವರಿಸಿದರು. ಹೋಗಬೇಕೆಂದು ನಿಶ್ಚಯಿಸುವದರಲ್ಲಿ ವಿಳಂಬ, ಹೋಗಿ ಮುಟ್ಟುವದರಲ್ಲಿ ವಿಳಂಬ, ಮುಟ್ಟಿದ ಮೇಲೆ ಚಿಕಿತ್ಸೆಯು ಆರಂಭವಾಗುವದರಲ್ಲಿ ವಿಳಂಬ. ಈ ಮೂರನ್ನೂ ನಮ್ಮ ದಾದಿಯರ ತರಗತಿಗಳಲ್ಲಿ ಈಗ ಕಲಿಸುತ್ತಾರೆ. ಆದರೆ ಸಾಮಾನ್ಯವಾಗಿ ಎರಡನೆಯದೊಂದನ್ನೇ ಜನರು ಕಾಣುತ್ತಾರೆ. ರಸ್ತೆಯಿಲ್ಲ, ರಸ್ತೆಯನ್ನು ಮಾಡಿಸಿರಿ ಎಂಬಷ್ಟಕ್ಕೆ ಮಾತು ಮುಗಿಯುತ್ತದೆ.

ರಸ್ತೆಯು ಸಣ್ಣ ಸಂಗತಿಯೆಂದು ನಾವು ಹೇಳುವದಿಲ್ಲ. ಮಲೆ ಮಹದೇಶ್ವರ ಬೆಟ್ಟದ ಒಳಗಿರುವ ಇಂಡಿಗನತ್ತ, ಮೆಂದಾರೆ ಮೊದಲಾದ ಊರುಗಳಿಂದ ರೋಗಿಗಳನ್ನೂ ಬಸುರಿಯರನ್ನೂ ಬಟ್ಟೆಯ ಡೋಲಿಯಲ್ಲಿ ಕಟ್ಟಿ ಹೆಗಲ ಮೇಲೆ ಹೊತ್ತು ತರುವ ಚಿತ್ರಗಳನ್ನು ವೃತ್ತಪತ್ರಿಕೆಗಳಲ್ಲಿ ನೀವೆಲ್ಲರೂ ನೋಡಿರುವಿರಿ. 2024ರ ಏಪ್ರಿಲ್ 26ರಂದು ಲೋಕಸಭೆಯ ಚುನಾವಣೆಯಾದಾಗ, ರಸ್ತೆ ಮೊದಲಾದ ಸೌಕರ್ಯಗಳಿಲ್ಲವೆಂದು ಇಂಡಿಗನತ್ತದಲ್ಲಿ ಮತದಾನವನ್ನು ಬಹಿಷ್ಕರಿಸುವ ಮಾತು ಎದ್ದು, ಗಲಭೆಯಾಗಿ, ಮತಗಟ್ಟೆಯೇ ಧ್ವಂಸವಾಯಿತು. 29ರಂದು ಮರುಮತದಾನ ನಡೆಯಿಸಬೇಕಾಯಿತು. ಗಲಭೆಯನ್ನು ನಾವು ಮೆಚ್ಚುವದಿಲ್ಲ. ಆದರೂ ಬಹಳ ಕಾಲ ಹೆಗಲ ಮೇಲೆ ರೋಗಿಗಳನ್ನು ಹೊತ್ತವರಿಗೆ ಸಿಟ್ಟು ಬರುವದೆಂಬದು ಆಶ್ಚರ್ಯವಲ್ಲ. ಆ ಸೀಮೆಯಲ್ಲಿ ಅರಣ್ಯ ಇಲಾಖೆಯವರು ಜೀಪುಗಳನ್ನು ಓಡಿಸಿ ಶಾಲೆಯ ಮಕ್ಕಳನ್ನೂ ರೋಗಿಗಳನ್ನೂ ಕರೆತರುವ ಏರ್ಪಾಡು ಮಾಡಿದ್ದಾರೆ. ಇದು ಒಳ್ಳೆಯ ಕೆಲಸ. ನಮ್ಮ ರಾಜ್ಯದಲ್ಲಿ 2008ರಿಂದ 108ರ ಆಂಬುಲೆನ್ಸು ಇದೆ. ಆದರೆ ಅದನ್ನು ಕರೆಯುವದಕ್ಕೆ ಮೊದಲು ಫೋನಿಗೆ ಸಿಗ್ನಲ್ಲು ಬೇಕು, ಅದು ಬರುವದಕ್ಕೆ ಗಾಡಿಯ ದಾರಿ ಬೇಕು. ಸಿಗ್ನಲ್ಲು ಸಿಕ್ಕುವ ದಿಣ್ಣೆಯ ತನಕ ಒಬ್ಬನು ಓಡಬೇಕಾದರೆ ಆ ಓಟದ ನಿಮಿಷಗಳನ್ನೂ ಲೆಕ್ಕಕ್ಕೆ ಸೇರಿಸಬೇಕು.

ಇನ್ನು ಮೊದಲನೆಯ ವಿಳಂಬ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕೆಲವು ವರುಷಗಳ ಹಿಂದೆ ಬೆಟ್ಟದ ಸೀಮೆಯ ಒಂದು ಉಪಕೇಂದ್ರದಲ್ಲಿ ದಾದಿಯಾಗಿದ್ದಳು. ಅವಳು ನಮಗೆ ಬರೆದ ಕಾಗದದಲ್ಲಿ ಒಂದು ಸಂಗತಿಯನ್ನು ತಿಳಿಸಿದ್ದಳು. ಒಬ್ಬ ತಾಯಿಯು ಮೊದಲನೆಯ ಹೆರಿಗೆಗೆ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೋಗಿದ್ದಳಂತೆ. ಅಲ್ಲಿ ಅವಳ ಉಡುಪನ್ನು ನೋಡಿ ಮೂಗು ಮುಚ್ಚಿಕೊಂಡವರುಂಟು. ಅವಳ ಮಾತಿನ ರೀತಿಯನ್ನು ಅಣಕಿಸಿದವರುಂಟು. ಕಾಡಿನವರೆಂದು ಏಕವಚನದಲ್ಲಿ ಗದರಿಸಿದವರುಂಟು. ಜೊತೆಗೆ ಬಂದ ಗಂಡನು ಮೂರು ದಿನದ ಕೂಲಿಯನ್ನು ಕಳೆದುಕೊಂಡು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಮಲಗಿದನು. ಎರಡನೆಯ ಹೆರಿಗೆಗೆ ಅವಳು ಬರಲೊಲ್ಲೆನೆಂದಳು. ನಮ್ಮ ಹುಡುಗಿಯು ಎರಡು ಸಲ ಪೋಡಿಗೆ ನಡೆದುಹೋಗಿ, ಮೂರನೆಯ ಸಲ ರಾತ್ರಿ ಅಲ್ಲಿಯೇ ತಂಗಿ, ಆಸ್ಪತ್ರೆಯಲ್ಲಿ ತಾನೇ ಪಕ್ಕದಲ್ಲಿ ಇರುವೆನೆಂದು ಮಾತು ಕೊಟ್ಟ ಮೇಲೆ ಆಕೆಯು ಹೊರಟಳು. ತಾಯಿಮಗು ಇಬ್ಬರೂ ಉಳಿದರು. ಈ ಕಾಗದವನ್ನು ನಾವು ಅನೇಕ ಸಲ ತರಗತಿಯಲ್ಲಿ ಓದಿ ಹೇಳಿದ್ದೇವೆ. ಪಟ್ಟಣದಲ್ಲಿ ಮೂಗು ಮುಚ್ಚಿಕೊಂಡವರೂ ಯಾವದೋ ಒಂದು ಪ್ರೌಢಶಾಲೆಯಲ್ಲಿ ಓದಿದವರೇ ಅಲ್ಲವೇ ಎಂದು ಒಬ್ಬ ಬಾಲಿಕೆಯು ಕೇಳಿದ ದಿನ ನಾವು ಆ ಪಾಠವನ್ನು ಅಲ್ಲಿಗೇ ನಿಲ್ಲಿಸಿದೆವು.

ಬಿಳಿಗಿರಿರಂಗನ ಬೆಟ್ಟದಲ್ಲಿ ಈ ನಂಬಿಕೆಯ ದೂರವನ್ನು ಕಡಮೆ ಮಾಡಿದವರು ನಮ್ಮ ನೆರೆಯವರೇ. ಡಾಕ್ಟರ್ ಎಚ್. ಸುದರ್ಶನ್ ಅವರು ಹುಟ್ಟಿದ ಯಮಲೂರು ನಮ್ಮ ಶಾಲೆಯಿಂದ ಕೆಲವೇ ಮೈಲಿಗಳ ದಾರಿ. ಅವರು ಬೆಂಗಳೂರಿನ ವೈದ್ಯಕೀಯ ಕಾಲೇಜಿನಲ್ಲಿ ಓದಿ 1973ರಲ್ಲಿ ಪದವಿಯನ್ನು ಪಡೆದು, ಮುಂದೆ ಆ ಬೆಟ್ಟವನ್ನು ಹತ್ತಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದರು. ಆರಂಭದಲ್ಲಿ ಪೋಡಿನವರು ವೈದ್ಯರನ್ನು ಕಂಡು ದೂರ ಸರಿಯುತ್ತಿದ್ದರು. ಗಾಯಗೊಂಡವರೂ ಹಾವು ಕಚ್ಚಿದವರೂ ಗುಣವಾಗಿ ಮನೆಗೆ ಹಿಂದಿರುಗಿದ ಮೇಲೆ ಮೆಲ್ಲಗೆ ಹತ್ತಿರ ಬಂದರು. ಔಷಧದ ಸಂಗಡ ಶಾಲೆಯೂ, ಕೈಕಸುಬೂ ಅಲ್ಲಿ ಬೆಳೆದವು. ಆ ಶಾಲೆಯಲ್ಲಿ ಓದಿದ ಸೋಲಿಗರಾದ ಡಾಕ್ಟರ್ ಸಿ. ಮಾದೇಗೌಡರು ಮುಂದೆ ಸಂಶೋಧನೆ ಮಾಡಿ ಡಾಕ್ಟರೇಟ್ ಪದವಿಯನ್ನು ಪಡೆದಿದ್ದಾರೆ. ಬೆಟ್ಟದ ಬುಡದ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠರೋಗವನ್ನು ಎದುರಿಸುವದಕ್ಕೆ ಕರುಣಾ ಟ್ರಸ್ಟು ಹುಟ್ಟಿತು. 1996ರಲ್ಲಿ ಅದು ಗುಂಬಳ್ಳಿಯ ಸರಕಾರೀ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ನಡೆಯಿಸುವ ಹೊಣೆಯನ್ನು ವಹಿಸಿಕೊಂಡಿತು. 1994ರಲ್ಲಿ ಸುದರ್ಶನ್ ಅವರಿಗೆ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ, 2000ದಲ್ಲಿ ಪದ್ಮಶ್ರೀಯೂ ಬಂದವು. ಪ್ರಶಸ್ತಿಗಳಿಗಿಂತ ನಮಗೆ ಮೆಚ್ಚುಗೆಯಾದದ್ದು ಬೇರೊಂದು ಸಂಗತಿ. ಸೋಲಿಗ ಸ್ತ್ರೀಯರು ಮಲಗಿ ಹೆರುವವರಲ್ಲ. ಕುಕ್ಕರಗಾಲಿನಲ್ಲಿ ಕುಳಿತು ಹೆರುವದು ಅವರ ರೂಢಿ. ಅದನ್ನು ಅಜ್ಞಾನವೆಂದು ತಳ್ಳಿಹಾಕದೆ, ಅದರಲ್ಲಿರುವ ಒಳ್ಳೆಯದನ್ನು ಒಪ್ಪಿ, ಶುಚಿತ್ವವನ್ನೂ ಅಪಾಯದ ಗುರುತುಗಳನ್ನೂ ಮಾತ್ರ ಸೂಲಗಿತ್ತಿಯರಿಗೆ ಕಲಿಸಿದರು. ಕಲಿಸುವವರಾದ ನಾವು ಇದನ್ನು ಗಮನಿಸಬೇಕು.

ಹೆಗ್ಗಡದೇವನ ಕೋಟೆಯ ತಾಲ್ಲೂಕಿನ ಹಾಡಿಗಳಲ್ಲಿ ಜೇನುಕುರುಬರ ಮಧ್ಯದಲ್ಲಿ ಡಾಕ್ಟರ್ ಆರ್. ಬಾಲಸುಬ್ರಹ್ಮಣ್ಯಂ ಅವರೂ ಅವರ ಜೊತೆಯ ತರುಣ ವೈದ್ಯರೂ 1984ರಲ್ಲಿ ಸ್ಥಾಪಿಸಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟಿನ ಮೂಲಕ ಇದೇ ಬಗೆಯ ಕೆಲಸವನ್ನು ಕೈಕೊಂಡರು. ಸರಗೂರಿನ ಆಸ್ಪತ್ರೆಯು ಅದರ ಫಲ.

ಈಗ ಶರೀರಶಾಸ್ತ್ರಕ್ಕೆ ಬರೋಣ. ಬೆಟ್ಟದ ಜನರಲ್ಲಿ ಕಾಣುವ ಒಂದು ರೋಗವನ್ನು ಪ್ರತಿಯೊಬ್ಬ ತಾಯಿಯೂ ತಿಳಿದಿರುವದು ಒಳ್ಳೆಯದು. ಅದು ಕುಡುಗೋಲು ಕಣದ ರಕ್ತಹೀನತೆ. ವೈದ್ಯರು ಸಿಕಲ್ ಸೆಲ್ ಎನ್ನುತ್ತಾರೆ. ನಮ್ಮ ರಕ್ತದ ಕೆಂಪು ಕಣಗಳು ದುಂಡಗೆ, ಮೆತ್ತಗೆ ಇರುವದರಿಂದ ಅತಿ ಸಣ್ಣ ನಾಳಗಳಲ್ಲಿಯೂ ಬಾಗಿ ನುಸುಳಿ ಹೋಗುತ್ತವೆ. ಈ ರೋಗವುಳ್ಳವರಲ್ಲಿ ಆಮ್ಲಜನಕವು ಕಡಮೆಯಾದಾಗ ಆ ಕಣಗಳು ಬಿರುಸಾಗಿ ಕುಡುಗೋಲಿನಂತೆ ವಕ್ರವಾಗುತ್ತವೆ. ನಾಳಗಳಲ್ಲಿ ಸಿಕ್ಕಿಕೊಂಡು ದಾರಿ ಕಟ್ಟುತ್ತವೆ. ಬೇಗನೆ ಒಡೆದು ನಾಶವಾಗುತ್ತವೆ. ಮಗುವು ಬಿಳಿಚಿಕೊಳ್ಳುವದು, ಕಣ್ಣು ಹಳದಿಯಾಗುವದು, ಎಲುಬುಗಳಲ್ಲಿ ತಡೆಯಲಾರದ ನೋವು ಬರುವದು. ಚಳಿ, ಜ್ವರ, ನೀರು ಕುಡಿಯದಿರುವದು ಇವು ನೋವನ್ನು ಎಬ್ಬಿಸುತ್ತವೆ. ಬೆಟ್ಟದ ಮೇಲೆ ಚಳಿಗೇನು ಕೊರತೆ? ಹೀಮೋಗ್ಲೋಬಿನ್ ಎಂಬ ಅಣುವಿನ ರಚನೆಯಲ್ಲಿಯೇ ದೋಷವಿದೆಯೆಂದು ಲೈನಸ್ ಪಾಲಿಂಗ್ ಮತ್ತು ಅವರ ಸಂಗಡಿಗರು 1949ರಲ್ಲಿ ತೋರಿಸಿದರು. ನಮ್ಮ ದೇಶದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟುಗಳಲ್ಲಿ. ಸೋಲಿಗರಲ್ಲಿಯೂ ಜೇನುಕುರುಬರಲ್ಲಿಯೂ ಇದು ಉಂಟು.

ಇದು ತಂದೆತಾಯಿಗಳಿಂದ ಬರುವ ಕ್ರಮವನ್ನು ಮನೆಯಲ್ಲಿಯೇ ತೋರಿಸಬಹುದು. ಎರಡು ಬಟ್ಟಲುಗಳನ್ನು ತೆಗೆದುಕೊಳ್ಳಿರಿ. ಒಂದು ತಂದೆಯದು, ಒಂದು ತಾಯಿಯದು. ಪ್ರತಿಯೊಂದರಲ್ಲಿಯೂ ಒಂದು ಬಿಳಿ ಅಲಸಂದೆ ಕಾಳನ್ನೂ ಒಂದು ಕೆಂಪು ಅಲಸಂದೆ ಕಾಳನ್ನೂ ಹಾಕಿರಿ. ಕೆಂಪು ಕಾಳು ದೋಷದ ಗುರುತು. ತಂದೆತಾಯಿಗಳು ಇಬ್ಬರೂ ಒಂದೊಂದು ದೋಷವನ್ನು ಹೊತ್ತವರು. ಆದರೆ ಇಬ್ಬರಿಗೂ ರೋಗವಿಲ್ಲ. ಇನ್ನು ಕಣ್ಣು ಮುಚ್ಚಿ ಒಂದೊಂದು ಬಟ್ಟಲಿನಿಂದ ಒಂದೊಂದು ಕಾಳನ್ನು ತೆಗೆದು ಜೋಡಿಸಿ, ಬರೆದುಕೊಂಡು, ಕಾಳುಗಳನ್ನು ಮತ್ತೆ ಅವುಗಳ ಸ್ಥಾನದಲ್ಲಿ ಹಾಕಿರಿ. ಹೀಗೆ ನೂರು ಸಲ ಮಾಡಿದರೆ ಹೆಚ್ಚುಕಡಮೆ ಇಪ್ಪತ್ತೈದು ಸಲ ಎರಡೂ ಬಿಳಿ, ಐವತ್ತು ಸಲ ಒಂದು ಬಿಳಿ ಒಂದು ಕೆಂಪು, ಇಪ್ಪತ್ತೈದು ಸಲ ಎರಡೂ ಕೆಂಪು ಬರುವವು. ಎರಡೂ ಕೆಂಪಾದ ಮಗುವೇ ರೋಗಿ. ಒಂದು ಮಗು ರೋಗಿಯಾಯಿತು, ಇನ್ನು ಮುಂದಿನ ಮೂರಕ್ಕೆ ಭಯವಿಲ್ಲವೆಂದು ಕೆಲವರು ತಪ್ಪಾಗಿ ಎಣಿಸುತ್ತಾರೆ. ಕಾಳುಗಳನ್ನು ಪ್ರತಿಸಲವೂ ಬಟ್ಟಲಿಗೆ ಹಿಂದಕ್ಕೆ ಹಾಕಿದೆವೆಂಬದನ್ನು ಮರೆಯಬಾರದು. ಪ್ರತಿ ಹೆರಿಗೆಗೂ ಲೆಕ್ಕ ಹೊಸದಾಗಿ ಆರಂಭವಾಗುವದು.

ಹೀಗೆ ಕೆಡುಕಾದದ್ದು ಯಾಕೆ ಇಷ್ಟು ಕಾಲ ಉಳಿದು ಬಂದಿತು? ಒಂದೇ ಕೆಂಪು ಕಾಳನ್ನು ಹೊತ್ತವರಿಗೆ ಮಲೇರಿಯಾ ಜ್ವರದಿಂದ ಸಾಯುವ ಭಯವು ಕಡಮೆ. ಮಲೇರಿಯಾ ಇದ್ದ ಕಾಡುಗಳಲ್ಲಿ ಅದು ಒಂದು ರಕ್ಷಣೆಯಾಗಿತ್ತು. ಆದುದರಿಂದ ಇದನ್ನು ಯಾವ ಕುಲದ ಕಳಂಕವೆಂದೂ ಯಾರೂ ಹೇಳತಕ್ಕದ್ದಲ್ಲ.

2023ರ ಜುಲೈ 1ರಂದು ಕೇಂದ್ರ ಸರಕಾರವು ಈ ರೋಗವನ್ನು 2047ರೊಳಗೆ ನಿರ್ಮೂಲ ಮಾಡುವ ಕಾರ್ಯವನ್ನು ಆರಂಭಿಸಿತು. ನಾಲ್ವತ್ತು ವಯಸ್ಸಿನ ಒಳಗಿನ ಏಳು ಕೋಟಿ ಜನರ ರಕ್ತವನ್ನು ಪರೀಕ್ಷಿಸಿ ಪ್ರತಿಯೊಬ್ಬರಿಗೂ ಒಂದು ಕಾರ್ಡನ್ನು ಕೊಡುವದು ಅದರ ಉದ್ದೇಶ. ಮದುವೆಗೆ ಮುಂಚೆ ಎರಡು ಕಾರ್ಡುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಬೇಕೆಂಬದು ಸರಿಯಾದ ಸಲಹೆಯೇ. ಆದರೂ ನಮ್ಮ ಸಮಾಜವನ್ನು ನಾವು ಬಲ್ಲೆವು. ಹುಡುಗನ ಕಾರ್ಡನ್ನು ಪೆಟ್ಟಿಗೆಯಲ್ಲಿ ಇಟ್ಟು, ಹುಡುಗಿಯ ಕಾರ್ಡನ್ನು ಮಾತ್ರ ಬೀದಿಯಲ್ಲಿ ಓದುವವರು ಬೆಟ್ಟದ ಮೇಲೆಯೂ ಇರಬಹುದು, ಕೆಳಗೆಯೂ ಇರಬಹುದು. ಎರಡು ಬಟ್ಟಲುಗಳಿಂದಲೂ ಬಂದಲ್ಲದೆ ಕೆಂಪು ಜೋಡಿಯಾಗದು. ಇದನ್ನು ಹೆಣ್ಣುಮಕ್ಕಳು ಗಟ್ಟಿಯಾಗಿ ಹೇಳಲು ಕಲಿಯಬೇಕು.

ಈ ರೋಗಕ್ಕೆ ಹೈಡ್ರಾಕ್ಸಿಯೂರಿಯಾ ಎಂಬ ಗುಳಿಗೆಯುಂಟು. ದಿನವೂ ತಪ್ಪದೆ ತೆಗೆದುಕೊಂಡರೆ ನೋವಿನ ಸರದಿಗಳು ಬಹಳ ಕಡಮೆಯಾಗುತ್ತವೆ. ಆದರೆ ಅದನ್ನು ತೆಗೆದುಕೊಳ್ಳುವವರ ರಕ್ತವನ್ನು ಆಗಾಗ್ಗೆ ಪರೀಕ್ಷಿಸುತ್ತಲೇ ಇರಬೇಕು. ಗುಳಿಗೆಯು ಅಗ್ಗವೇ, ಅದು ಮುಗಿದ ದಿನ ಮತ್ತೊಂದು ಪೊಟ್ಟಣವನ್ನು ಪೋಡಿಗೆ ತಲುಪಿಸುವ ಕಾಲುಗಳು ಸಿಕ್ಕುವದು ಕಷ್ಟ.

ಹಾವಿನ ಕಡಿತದ ವಿಷಯದಲ್ಲಿ ಒಂದೆರಡು ಮಾತು ಸಾಕು. 2024ರಲ್ಲಿ ನಮ್ಮ ರಾಜ್ಯವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ಸರಕಾರಕ್ಕೆ ವರದಿ ಮಾಡತಕ್ಕ ವಿಷಯವನ್ನಾಗಿ ಮಾಡಿತು. ಕಚ್ಚಿದ ಕೈಕಾಲನ್ನು ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಅಲುಗಾಡದಂತೆ ಒಂದು ಬಿದಿರ ದಬ್ಬೆಯನ್ನು ಆಸರೆಯಾಗಿ ಇಟ್ಟು, ವಿಷನಾಶಕ ಚುಚ್ಚುಮದ್ದು ಇರುವ ಸ್ಥಳಕ್ಕೆ ಬೇಗನೆ ಒಯ್ಯಬೇಕು. ಬೆಟ್ಟದಲ್ಲಿ ಹೊತ್ತು ಮುಳುಗಿದ ಮೇಲೆ ಕಾಡಿನ ರಸ್ತೆಯ ಬಾಗಿಲುಗಳು ಮುಚ್ಚಿರುವವು, ಆನೆಗಳು ದಾರಿಯಲ್ಲಿರುವವು. ಆದಕಾರಣ ಆ ಮದ್ದು ಕೆಳಗಿನ ಪಟ್ಟಣದಲ್ಲಿದ್ದರೆ ಸಾಲದು; ಮೇಲೆಯೇ ಇರಬೇಕು.

ಸರಕಾರದ ನಿಯಮವು ಏನನ್ನುತ್ತದೆ? ಬಯಲು ಸೀಮೆಯಲ್ಲಿ 5,000 ಜನರಿಗೆ ಒಂದು ಉಪಕೇಂದ್ರ, 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ. ಬೆಟ್ಟಗಳಲ್ಲಿಯೂ ಗಿರಿಜನರ ಪ್ರದೇಶಗಳಲ್ಲಿಯೂ 3,000ಕ್ಕೆ ಒಂದು, 20,000ಕ್ಕೆ ಒಂದು. ಕೇಳುವದಕ್ಕೆ ಉದಾರವಾಗಿದೆ. ಒಂದು ಪೋಡಿನಲ್ಲಿ ಇನ್ನೂರು ಜನರಿದ್ದಾರೆಂದು ಇಟ್ಟುಕೊಂಡರೆ, 3,000 ತಲೆಗಳು ಕೂಡುವದಕ್ಕೆ ಹದಿನೈದು ಪೋಡುಗಳು ಬೇಕು. ಆ ಹದಿನೈದೂ ಒಂದೇ ಕಣಿವೆಯಲ್ಲಿ ಇರುವದಿಲ್ಲ. ತಲೆಗಳನ್ನು ಎಣಿಸುವ ನಿಯಮವು ನಡಿಗೆಯ ಗಂಟೆಗಳನ್ನು ಎಣಿಸುವದಿಲ್ಲವೆಂಬದೇ ಅದರ ಕುಂದು. 2023ರ ನವೆಂಬರಿನಲ್ಲಿ ಅತಿ ಹಿಂದುಳಿದ ಬುಡಕಟ್ಟುಗಳಿಗಾಗಿ ಆರಂಭವಾದ ಪಿ.ಎಂ. ಜನಮನ್ ಎಂಬ ಯೋಜನೆಯಲ್ಲಿ ಸಂಚಾರಿ ವೈದ್ಯಶಾಲೆಗಳಿವೆ. ಆದರೆ ಆ ಪಟ್ಟಿಯಲ್ಲಿ ನಮ್ಮ ರಾಜ್ಯದಿಂದ ಇರುವವರು ಜೇನುಕುರುಬರು, ಕೊರಗರು ಇಬ್ಬರೇ. ಸೋಲಿಗರು ಅದರಲ್ಲಿ ಇಲ್ಲ.

ಕೊನೆಗೆ ಪೋಡಿನ ಬಾಗಿಲಿಗೆ ಹೋಗತಕ್ಕವಳು ದಾದಿಯೇ. ಅವಳು ಎಲ್ಲಿಂದ ಬರಬೇಕು? ನಗರದ ತಾಯಿತಂದೆಗಳು ಮಗಳನ್ನು ಬೆಟ್ಟದ ಉಪಕೇಂದ್ರಕ್ಕೆ ಕಳುಹಿಸಲು ಹಿಂಜರಿಯುವದನ್ನು ನಾವು ಬಲ್ಲೆವು. ಚಿಲಕವಿಲ್ಲದ ವಸತಿಗೃಹದಲ್ಲಿ ಒಬ್ಬಂಟಿಯಾಗಿ ಇರೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ವಿದೇಶಕ್ಕೆ ಹೋದವರನ್ನೂ ನಾವು ನಿಂದಿಸುವದಿಲ್ಲ. ಅವರು ಕಳುಹಿಸುವ ಹಣದಿಂದ ಎಷ್ಟೋ ತಂಗಿಯರ ಓದು ನಡೆದಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಕಂಡುಕೊಂಡ ದಾರಿಯು ಇದಕ್ಕಿಂತ ಸರಳವಾದದ್ದು: ಪೋಡಿನ ಹುಡುಗಿಯರಿಗೇ ಸಹಾಯಕ ದಾದಿ ಮತ್ತು ಸೂಲಗಿತ್ತಿಯ ಶಿಕ್ಷಣವನ್ನು ಕೊಟ್ಟು, ಅವರ ಸೀಮೆಯಲ್ಲಿಯೇ ನೇಮಿಸುವದು. ಅವಳಿಗೆ ಭಾಷೆ ಗೊತ್ತು, ಆನೆಯ ದಾರಿ ಗೊತ್ತು. ಅವಳನ್ನು ಕಂಡು ಯಾರೂ ಓಡುವದಿಲ್ಲ.

ಆದರೆ ಇಲ್ಲಿ ಒಂದು ಬಾಗಿಲು ಕಿರಿದಾಗಿದೆ. ಹಿಂದೆ ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾದವಳು ಆ ಶಿಕ್ಷಣಕ್ಕೆ ಸೇರಬಹುದಾಗಿತ್ತು; ಈಗ ಪಿ.ಯು.ಸಿ. ಮುಗಿಸಿರಬೇಕು. ಕಲಿಕೆಯ ಮಟ್ಟವು ಏರಿದ್ದಕ್ಕೆ ನಮ್ಮ ತಕರಾರಿಲ್ಲ. ಪೋಡಿನ ಹುಡುಗಿಗೆ ಆ ಎರಡು ವರುಷಗಳೇ ಎಲ್ಲಕ್ಕಿಂತ ಕಡಿದಾದ ಏರು. ಕಾಲೇಜು ಬೆಟ್ಟದ ಕೆಳಗಿನ ಊರಿನಲ್ಲಿರುವದು. ವಿದ್ಯಾರ್ಥಿನಿಲಯ ಸಿಕ್ಕದಿದ್ದರೆ ದಿನದ ಬಸ್ಸಿಗೆ ಕಾಯಬೇಕು. ಮನೆಯಲ್ಲಿ ಮದುವೆಯ ಮಾತು ಎದ್ದಿರುವದು. ಹತ್ತನೆಯ ತರಗತಿಯಲ್ಲಿ ಗಣಿತ ವಿಜ್ಞಾನಗಳ ಬುನಾದಿಯು ಸಡಿಲವಾಗಿದ್ದರೆ ಅವಳು ಮೊದಲನೆಯ ವರುಷದಲ್ಲಿಯೇ ಹಿಂದಕ್ಕೆ ಹೋಗುತ್ತಾಳೆ. ಒಬ್ಬಳು ಹಿಂದಕ್ಕೆ ಹೋದಲ್ಲಿ ಹಲವು ಪೋಡುಗಳ ಆಸ್ಪತ್ರೆಯು ಮತ್ತಷ್ಟು ದೂರ ಸರಿಯುತ್ತದೆ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಬೋಧಿಸಿ ನಿವೃತ್ತರಾದವರು ಅನೇಕರಿದ್ದಾರೆ. ಬೆಟ್ಟದ ಬಾಲಿಕೆಯರಿಗೆ ಬೇಸಗೆಯ ರಜೆಯಲ್ಲಾಗಲಿ ದಸರೆಯ ರಜೆಯಲ್ಲಾಗಲಿ ಕೆಲವು ವಾರ ಪಾಠ ಹೇಳಲು ಒಪ್ಪುವವರು ತಮ್ಮ ಹೆಸರು, ವಿಷಯ, ಬಿಡುವಿರುವ ತಿಂಗಳು ಇಷ್ಟನ್ನು ಬರೆದು ಶಾಲೆಯ ಕಚೇರಿಗೆ ಕಾಗದ ಹಾಕಬೇಕು. ತಂಗುವ ಸ್ಥಳಕ್ಕೆ ಚಿಲಕವಿದೆಯೇ ಎಂಬದನ್ನು ನಾವೇ ಮೊದಲು ಹೋಗಿ ನೋಡಿ ಬರುತ್ತೇವೆ.